ಕೈಗಳು ಯಾರವೋ ತಿಳಿದಿಲ್ಲ

ಬೀದಿಗೆಲ್ಲ ಅವಳು ದೊಡ್ಡಮ್ಮ. ಹಾಗೆ ಕರೆಯುವ ಹಕ್ಕಿದ್ದದ್ದು ತಂಗಿಯ ಮಗಳೊಬ್ಬಳಿಗೇ. ಆದರೆ ಆ ಹುಡುಗಿ ಚಿಕ್ಕವಳಿದ್ದಾಗ ಮೂರನೇ ಮಹಡಿಯ ಕಿಟಕಿಯಿಂದ ಬೀದಿಯ ಕೊನೆಗೂ ಕೇಳುವಂತೆ ಕೂಗುತ್ತಿದ್ದುದರಿಂದ, ಔಷಧಿ ಅಂಗಡಿಯವನಿಗೆ, ಅಂಚೆಯವನಿಗೆ, ಪಾಠಕ್ಕೆ ಬರುವ ಮಕ್ಕಳ ತಾಯಂದಿರಿಗೆ, ಎಲ್ಲರಿಗೂ ಅವಳು ದೊಡ್ಡಮ್ಮನೇ ಆಗಿಹೋದಳು. ಎಪ್ಪತ್ತೊಂದು ವಯಸ್ಸು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಪಿಯಾನೋ ಟೀಚರಾಗಿದ್ದು, ನಿವೃತ್ತಿಯಾದ ಮೇಲೆ ಮನೆಯಲ್ಲೇ ನಾಲ್ಕಾರು ಮಕ್ಕಳಿಗೆ ಹೇಳಿಕೊಡುತ್ತಿದ್ದಳು. ಮದುವೆಯಾಗಿರಲಿಲ್ಲ. ಭಾವ ತೀರಿಕೊಂಡ ಮೇಲೆ ತಂಗಿ, ತಂಗಿಯ ಮಗಳು, ಅವಳು, ಮೂವರದೂ ಒಂದೇ ಮನೆ.

ತಂಗಿಯ ಬಾಯಿ ಜೋರು, ಮನಸ್ಸು ಮೆತ್ತಗೆ. ಪಿಯಾನೋ ಅಂದರೆ ತಲೆನೋವು ಅನ್ನುತ್ತಿದ್ದಳು. ಮಗಳು ಪುಟ್ಟಿ, ಮೂವತ್ತಮೂರು ದಾಟಿದರೂ ಮನೆಯಲ್ಲಿ ಪುಟ್ಟಿಯೇ, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಜನರ ಮೂಗಿನ ಮೇಲೆ ಫ್ರೇಮು ಇಟ್ಟು, ಕೈಗನ್ನಡಿ ಹಿಡಿದು, "ನಿಮಗಿದು ಒಪ್ಪುತ್ತೆ" ಅಂತ ದಿನಕ್ಕೆ ನಲವತ್ತು ಸಲ ಹೇಳುವ ಕೆಲಸ.

ಆ ಪುಟ್ಟಿ ಒಂದು ಸಂಜೆ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಮೊಬೈಲನ್ನು ದೊಡ್ಡಮ್ಮನ ಮುಖಕ್ಕೆ ಹಿಡಿದಳು.

"ದೊಡ್ಡಮ್ಮ, ನಿಜ ಹೇಳು. ಇದು ಯಾರ ಕೈ?"

ಕಪ್ಪು ಬಿಳುಪಿನ ಚಿತ್ರ. ಪಿಯಾನೋ ಮೇಲೆ ಎರಡು ಕೈ. ಅದರ ಕೆಳಗೆ ಒಂದಿಷ್ಟು ಬರಹ: ನಲವತ್ತೈದು ವರ್ಷದ ಹಿಂದಿನ, ಕಳೆದುಹೋಗಿದ್ದ ಸಿನಿಮಾ, ಹತ್ತೊಂಬತ್ತು ದಿನದಲ್ಲಿ, ಬಿಡಿಗಾಸಿನಲ್ಲಿ ತೆಗೆದದ್ದು, ಈಗ ಗೊತ್ತಿರುವವರೆಲ್ಲ ಮೇರುಕೃತಿ ಎನ್ನುತ್ತಿರುವುದು, ಭಾನುವಾರ ಮಧ್ಯಾಹ್ನ ಗ್ರಂಥಾಲಯದ ಹಾಲ್‌ನಲ್ಲಿ ಪ್ರದರ್ಶನ. ಕೊನೆಯಲ್ಲಿ ಒಂದು ಸಾಲು: 'ಪಿಯಾನೋ ನುಡಿಸುವ ಕೈಗಳು ಯಾರವೋ ತಿಳಿದಿಲ್ಲ.'

ಎಡಗೈಯ ಕಿರುಬೆರಳು ಕೊನೆಯ ಗೆಣ್ಣಿನಲ್ಲಿ ಹೊರಕ್ಕೆ ಸೊಟ್ಟಗಾಗಿತ್ತು. ದೊಡ್ಡಮ್ಮನಿಗೆ ಆರು ವರ್ಷವಾಗಿದ್ದಾಗ ಬಾಗಿಲ ಸಂದಿಗೆ ಸಿಕ್ಕಿ ಆದದ್ದು. ಆ ಬೆರಳು ಹಿಡಿದುಕೊಂಡೇ ಪುಟ್ಟಿ ನಡೆಯಲು ಕಲಿತದ್ದು. ಸುಳ್ಳು ಹೇಳುವ ಹಾಗಿರಲಿಲ್ಲ.

"ನಂದೇ," ಅಂದಳು ದೊಡ್ಡಮ್ಮ.

"ಸಿನಿಮಾದಲ್ಲಿ ಮಾಡಿದ್ದೆಯಾ ನೀನು?" ತಂಗಿ ಅಡುಗೆಮನೆಯಿಂದ ಸೌಟು ಸಮೇತ ಓಡಿಬಂದಳು. "ನಮ್ಮನೇಲಿ ಸಿನಿಮಾ ಸ್ಟಾರ್ ಇಟ್ಕೊಂಡು ನಾನು ಇಷ್ಟು ವರ್ಷ ಪಾತ್ರೆ ತೊಳೀತಿದೀನಾ?"

"ಮುಖ ಇಲ್ಲ. ಕೈ ಮಾತ್ರ. ಮೂರು ದಿನ," ಅಂದು ದೊಡ್ಡಮ್ಮ ಮೊಬೈಲನ್ನು ಹಿಂದಕ್ಕೆ ಕೊಟ್ಟಳು. ಅವಳ ದನಿ ಎಷ್ಟು ಸಣ್ಣಗಿತ್ತೆಂದರೆ, ತಂಗಿ ಮುಂದಿನ ತಮಾಷೆಯನ್ನು ಬಾಯಲ್ಲೇ ನುಂಗಿದಳು.

ಅಸಲಿಗೆ ನಡೆದದ್ದು ಇಷ್ಟು. ಆ ಸಿನಿಮಾದ ಡೈರೆಕ್ಟರು ಕಾರ್ಖಾನೆಗಳಿಗೆ ಕಿರುಚಿತ್ರ ತೆಗೆಯುವವರು. ಯಂತ್ರಕ್ಕೆ ಕೈ ಕೊಡಬೇಡಿ, ಬಾಯ್ಲರ್ ಹತ್ತಿರ ಬೀಡಿ ಹಚ್ಚಬೇಡಿ ಅನ್ನುವಂಥವು. ಅವರಿಗೆ ಒಂದು ದೊಡ್ಡ ಸಿನಿಮಾ ಮಾಡುವ ಹುಚ್ಚು ಹತ್ತಿತು. ಕಥೆ ಒಬ್ಬ ಪಿಯಾನೋ ನುಡಿಸುವವಳದು. ಜ್ವರದಿಂದ ಎದ್ದ ಮೇಲೆ ಅವಳಿಗೆ ಪಕ್ಕದ ಖಾಲಿ ಮನೆಯಿಂದ ಒಂದು ರಾಗ ಕೇಳತೊಡಗುತ್ತದೆ. ಬೇರೆ ಯಾರಿಗೂ ಕೇಳುವುದಿಲ್ಲ. ಕ್ರಮೇಣ ಅವಳ ಬೆರಳುಗಳು ಅದನ್ನು ಬಿಟ್ಟು ಬೇರೇನನ್ನೂ ನುಡಿಸಲೊಲ್ಲವು. ಒಂದೊಂದೇ ಕೆಲಸ ಹೋಗುತ್ತದೆ, ಜನ ದೂರವಾಗುತ್ತಾರೆ, ಕೊನೆಗೆ ಅವಳು ಆ ಖಾಲಿ ಮನೆಯ ಬಾಗಿಲು ತೆಗೆದು ಒಳಗೆ ಹೋಗಿಬಿಡುತ್ತಾಳೆ. ನಾಯಕಿಯಾಗಿ ಸಿಕ್ಕವಳು ಬೂಟಿನ ಅಂಗಡಿಯ ಸೇಲ್ಸ್ ಹುಡುಗಿ. ಕಣ್ಣು ಅದ್ಭುತ, ಪಿಯಾನೋ ಮಾತ್ರ ಮುಟ್ಟಿದವಳಲ್ಲ. ಹಾಗಾಗಿ ಕೈ ಬೇಕಾಯಿತು. ರಜೆಯಲ್ಲಿ ಶಾಲೆಯ ಹಾಲ್ ಬಾಡಿಗೆಗೆ ಹಿಡಿದ ಡೈರೆಕ್ಟರಿಗೆ ಹಾಲ್ ಜೊತೆಗೆ ಟೀಚರೂ ಸಿಕ್ಕಳು. ಮುಖ್ಯೋಪಾಧ್ಯಾಯಿನಿಗೆ ಬಾಡಿಗೆ ಬೇಕು, ಸಿನಿಮಾ ಅಂದರೆ ಆಗದು. ಅದಕ್ಕೇ ತನ್ನ ಹೆಸರು ಹಾಕಬೇಡಿ ಎಂದು ದೊಡ್ಡಮ್ಮನೇ ಕೇಳಿಕೊಂಡಿದ್ದಳು.

ಆಗ ಅವಳಿಗೆ ಇಪ್ಪತ್ತಾರು. ಅಮ್ಮ ಹೋಗಿ ಆರು ವರ್ಷವಾಗಿತ್ತು. ಗಡಿಯಾರ ರಿಪೇರಿ ಮಾಡುತ್ತಿದ್ದ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿ ಎರಡು ತಿಂಗಳು. ತಂಗಿಗೆ ಇನ್ನೂ ಹನ್ನೆರಡು. ಅಂಥ ಹೊತ್ತಿನಲ್ಲೇ ದೂರದ ದೊಡ್ಡ ಊರಿನ ಸಂಗೀತ ವಿದ್ಯಾಲಯದಿಂದ ಪತ್ರ ಬಂದಿತ್ತು. ಪರೀಕ್ಷೆಯಲ್ಲಿ ಆಯ್ಕೆಯಾಗಿದ್ದೀರಿ, ಮೂರು ವರ್ಷದ ಕಲಿಕೆ, ತಿಂಗಳೊಳಗೆ ಉತ್ತರ ಬರೆಯಿರಿ. ಅವಳು ಆ ಪತ್ರವನ್ನು ಇಪ್ಪತ್ತೆಂಟು ದಿನ ರವಿಕೆಯೊಳಗೆ ಇಟ್ಟುಕೊಂಡು ಓಡಾಡಿದಳು. ಯಾರಿಗೂ ತೋರಿಸಲಿಲ್ಲ. ಶೂಟಿಂಗಿನ ಎರಡನೇ ದಿನ ಬೆಳಿಗ್ಗೆ, ಶಾಲೆಗೆ ಹೋಗುವ ದಾರಿಯಲ್ಲಿ, 'ಬರಲಾಗುವುದಿಲ್ಲ' ಎಂದು ಬರೆದ ಲಕೋಟೆಯನ್ನು ಅಂಚೆ ಪೆಟ್ಟಿಗೆಗೆ ಹಾಕಿದಳು. ಹಾಕಿದ ಮೇಲೂ ಪೆಟ್ಟಿಗೆಯ ಬಾಯಿಯಲ್ಲಿ ಬೆರಳು ಇಟ್ಟುಕೊಂಡು ಒಂದಷ್ಟು ಹೊತ್ತು ನಿಂತಿದ್ದಳು.

ಹಾಲ್‌ನಲ್ಲಿ ದೀಪ ಹಚ್ಚಿ ಕಾಯುತ್ತಿದ್ದರು. "ಏನು ನುಡಿಸಲಿ?" ಎಂದು ಕೇಳಿದಳು. "ಪುಸ್ತಕ ಮುಚ್ಚಿಡಿ ಟೀಚರ್," ಅಂದರು ಡೈರೆಕ್ಟರು. "ಬೆರಳು ಎಲ್ಲಿ ಹೋಗುತ್ತೋ ಹೋಗ್ಲಿ. ಇದು ಯಾರೂ ಕೇಳಿರೋ ರಾಗ ಆಗಿರಬಾರದು."

ಅವಳು ನುಡಿಸಿದಳು. ಎಷ್ಟು ಹೊತ್ತೋ ತಿಳಿಯಲಿಲ್ಲ. ಕೈಗಳು ಅವಳನ್ನು ಕೇಳದೆ ನಡೆದವು. ಮುಗಿದಾಗ ಹಾಲ್‌ನಲ್ಲಿ ಸೌಂಡಿನವನು ಕಿವಿಯ ಮೇಲಿನ ಹೆಡ್‌ಫೋನನ್ನು ತೆಗೆಯುವುದನ್ನೇ ಮರೆತು ಕೂತಿದ್ದ. ಅವಳು ಮನೆಗೆ ಬಂದು ಅಪ್ಪನಿಗೆ ಗಂಜಿ ಕುಡಿಸಿದಳು, ತಂಗಿಗೆ ಜಡೆ ಹೆಣೆದಳು, ಪಾತ್ರೆ ತೊಳೆದಳು. ಮಾರನೇ ದಿನ ಎದ್ದು ಪಿಯಾನೋ ಮುಂದೆ ಕೂತರೆ ಆ ರಾಗ ಇಲ್ಲ. ಒಂದು ಸ್ವರವೂ ಇಲ್ಲ. ನಾಲಿಗೆ ತುದಿಗೆ ಬಂದು ನಿಲ್ಲುವ ಮಾತಿನ ಹಾಗೆ ಬೆರಳ ತುದಿಗೆ ಬಂದು ನಿಲ್ಲುತ್ತಿತ್ತು, ಕೀ ಮುಟ್ಟಿದೊಡನೆ ಬೇರೇನೋ ಆಗುತ್ತಿತ್ತು.

ಮರುವರ್ಷ ಸಿನಿಮಾ ಒಂದೇ ಒಂದು ಟಾಕೀಸಿನಲ್ಲಿ ಐದು ದಿನ ಓಡಿತು. ಆ ಐದು ದಿನವೂ ಅವಳು ಆಸ್ಪತ್ರೆಯಲ್ಲಿ ಸಾಯುತ್ತಿದ್ದ ಅಪ್ಪನ ಮಂಚದ ಪಕ್ಕದಲ್ಲಿದ್ದಳು. ಆಮೇಲೆ ಡೈರೆಕ್ಟರೂ ಹೋದರು, ಪ್ರಿಂಟೂ ಕಾಣೆಯಾಯಿತು. ನಲವತ್ತೈದು ವರ್ಷ ಅವಳು ಶಾಲೆಯಲ್ಲೂ ಆಮೇಲೆ ಮನೆಯಲ್ಲೂ ಮಕ್ಕಳಿಗೆ ಅವೇ ಇಪ್ಪತ್ತು ಪಾಠ ಹೇಳಿಕೊಟ್ಟಳು. ಮಕ್ಕಳೆಲ್ಲ ಹೋದ ಮೇಲೆ ಹಾಲ್‌ನಲ್ಲಿ ಒಬ್ಬಳೇ ಕೂತು ಆ ರಾಗವನ್ನು ಹುಡುಕಿದಳು. ಎಲ್ಲೋ ಒಂದು ಪೆಟ್ಟಿಗೆಯಲ್ಲಿ ಅದು ಇದೆ, ಇಡಿಯಾಗಿ ಇದೆ, ಎಂದಾದರೂ ಕೇಳುತ್ತೇನೆ ಎನ್ನುವುದೊಂದೇ ಸಮಾಧಾನ. ಈ ಮಾತನ್ನು ಹೇಳಿಕೊಳ್ಳಲು ಯಾರಿದ್ದರು? ಹೇಳಿದರೂ ಏನೆಂದು ಹೇಳುವುದು? ಒಂದು ಬೆಳಗನ್ನು ಕಳೆದುಕೊಂಡಿದ್ದೇನೆ ಎಂದೇ?

ಭಾನುವಾರ ದೊಡ್ಡಮ್ಮ ಊಟ ಮಾಡಲಿಲ್ಲ. ಹಸಿವಿಲ್ಲ ಅಂದಳು. ಪೆಟ್ಟಿಗೆಯ ತಳದಲ್ಲಿದ್ದ ಬೂದು ಸೀರೆ ಉಟ್ಟು ಒಂದು ಗಂಟೆ ಮೊದಲೇ ಬಾಗಿಲಲ್ಲಿ ನಿಂತಳು. "ನಿನ್ನ ಮದುವೆಗೆ ಹೊರಟ ಹಾಗಿದೆ," ಎಂದು ತಂಗಿ ನಕ್ಕು, ಮಂಡಿ ನೋವೆಂದು ತಾನು ಉಳಿದುಕೊಂಡಳು.

ಗ್ರಂಥಾಲಯದ ಹಾಲ್‌ನಲ್ಲಿ ಮಡಚುವ ಕುರ್ಚಿಗಳು, ಎಂಬತ್ತು ಜನ ಇದ್ದಿರಬೇಕು. ಹೆಚ್ಚಿನವರು ಕಾಲೇಜು ವಯಸ್ಸಿನವರು. ಗ್ರಂಥಪಾಲಕಿ ನಾಲ್ಕು ಮಾತಾಡಿದಳು, ದೀಪ ಆರಿತು. ಮಸಿ ಹಿಡಿದ ಹಾಗಿದ್ದ ಕಪ್ಪು ಬಿಳುಪಿನಲ್ಲಿ ಬೂಟಿನ ಅಂಗಡಿಯ ಹುಡುಗಿ ನಡೆದು ಬಂದಳು. ದೊಡ್ಡಮ್ಮ ಪುಟ್ಟಿಯ ಕೈ ಹಿಡಿದುಕೊಂಡಳು. ಕಥೆ ಸಾಗಿತು, ಜ್ವರ ಬಂತು, ಜ್ವರ ಬಿಟ್ಟಿತು. ನಾಯಕಿ ಪಿಯಾನೋ ಮುಂದೆ ಕೂತಳು. ಕ್ಯಾಮೆರಾ ಕೆಳಗಿಳಿಯಿತು.

ಪರದೆಯ ಅಗಲಕ್ಕೂ ಅವಳ ಕೈಗಳು. ಇಪ್ಪತ್ತಾರರ ಕೈಗಳು, ಗಂಟಿಲ್ಲದವು, ನರ ಕಾಣದವು. ಅವು ನುಡಿಸತೊಡಗಿದವು.

ಕೇಳಿದ್ದು ಬೇರೆ ಏನೋ. ಯಾರೋ ಆರ್ಗನ್ನಿನ ಮೇಲೆ ಕುಯ್ಯೋ ಎನ್ನಿಸಿದ, ಹೆದರಿಸಲೆಂದೇ ಮಾಡಿದ ಸಂಗೀತ. ಬೆರಳು ಮೇಲೆ ಹೋದರೆ ಸದ್ದು ಕೆಳಗಿಳಿಯುತ್ತಿತ್ತು. ಬೆರಳು ನಿಂತರೂ ಸದ್ದು ನಿಲ್ಲುತ್ತಿರಲಿಲ್ಲ.

"ಇದು ನಂದಲ್ಲ," ಅಂದಳು ದೊಡ್ಡಮ್ಮ, ಗಟ್ಟಿಯಾಗಿಯೇ. ಮುಂದಿನ ಸಾಲಿನವರು ತಿರುಗಿ ನೋಡಿದರು. "ಪುಟ್ಟಿ, ಇದು ನಾನು ನುಡಿಸಿದ್ದಲ್ಲ ಕಣೇ."

ಉಳಿದ ಸಿನಿಮಾ ಅವಳ ಕಣ್ಣಿಗೆ ಬೀಳಲಿಲ್ಲ. ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿದರು. ಅವಳು ಕುರ್ಚಿ ಬಿಟ್ಟೇಳಲಿಲ್ಲ. ಪುಟ್ಟಿ ಹೋಗಿ ಗ್ರಂಥಪಾಲಕಿಯನ್ನು ಕರೆತಂದು, ದೊಡ್ಡಮ್ಮನ ಎಡಗೈಯನ್ನು ಎತ್ತಿ ತೋರಿಸಿದಳು. ಆಕೆ ಒಂದು ಕ್ಷಣ ಆ ಸೊಟ್ಟ ಬೆರಳು ನೋಡಿ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು.

"ಅಯ್ಯೋ ಅಮ್ಮ, ಎರಡು ವರ್ಷದಿಂದ ನಿಮ್ಮನ್ನ ಹುಡುಕ್ತಾ ಇದೀವಿ! ನೀವು ಇದೇ ಊರಲ್ಲಿ..."

"ನಾನು ನುಡಿಸಿದ್ದು ಎಲ್ಲಿ ಹೋಯ್ತಮ್ಮ?" ದೊಡ್ಡಮ್ಮ ಕೇಳಿದ್ದು ಅದೊಂದೇ.

ಗ್ರಂಥಪಾಲಕಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಸೌಂಡಿನವರಿಗೆ ಗೊತ್ತಿರಬೇಕು, ಪ್ರಿಂಟ್ ಸಿಕ್ಕಿದ್ದೇ ಅವರ ಮನೆಯ ಅಟ್ಟದ ಮೇಲೆ, ಎಂದು ಅಲ್ಲೇ ಫೋನ್ ಹಚ್ಚಿ ಕೊಟ್ಟಳು. ಆ ಕಡೆಯಿಂದ ಎಂಬತ್ತು ದಾಟಿದ ದನಿ, ಕೆಮ್ಮಿ ಕೆಮ್ಮಿ ಮಾತಾಡಿತು.

"ಟೀಚರಾ? ಶಾಲೆ ಟೀಚರಾ? ನಿಮ್ಮ ಹೆಸರು ಮರೆತೆ ಅಂತ ನನ್ನನ್ನ ನಾನೇ ಎಷ್ಟು ಬೈಕೊಂಡಿದೀನಿ! ... ಅದಾ? ಆ ಟೇಪ್ ಇಲ್ಲ ಟೀಚರ್. ಸಿನಿಮಾ ಕೊಂಡುಕೊಂಡವನು ಇದು ಅಳೋ ಸಂಗೀತ, ಹೆದರಿಸೋ ಸಂಗೀತ ಹಾಕಿ ಅಂದ. ಟೇಪ್ ಆಗ ಸಿಗ್ತಿರಲಿಲ್ಲ ನೋಡಿ. ನಿಮ್ಮದರ ಮೇಲೇ ಕಾರ್ಖಾನೆಯವರ ಬಾಯ್ಲರ್ ಭಾಷಣ ರೆಕಾರ್ಡ್ ಮಾಡಿದ್ವಿ. ನಾನೇ ಮಾಡಿದ್ದು, ಈ ಕೈಯಾರೆ. ಬೇಡ ಸಾರ್ ಅಂದೆ, ಡೈರೆಕ್ಟರು ಕೇಳಲಿಲ್ಲ."

ದೊಡ್ಡಮ್ಮ ಖಾಲಿಯಾಗಿದ್ದ ಪರದೆಯತ್ತ ನೋಡಿದಳು.

"ನನಗೆ ನೆನಪಿದೆ," ಅಂದರು ಅವರು. "ಹೀಗಿತ್ತು," ಎಂದು ಏನನ್ನೋ ಗುನುಗಿದರು. ಶ್ರುತಿ ಇಲ್ಲ, ಉಸಿರೂ ಇಲ್ಲ. ಅದು ಯಾವ ರಾಗವಾದರೂ ಆಗಿರಬಹುದಿತ್ತು. ಆದರೆ ಆವತ್ತು ಕೇಳಿಸಿಕೊಂಡ ಇನ್ನೊಬ್ಬ ಮನುಷ್ಯ ಭೂಮಿಯ ಮೇಲಿದ್ದಾನೆ ಎಂಬುದೊಂದಕ್ಕೇ ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಹಿಡಿದಳು.

"ಕೊನೇಲಿ ಹೇಗೆ ಮುಗಿಸಿದೆ ನಾನು? ಅದೇನಾದ್ರೂ ನೆನಪಿದೆಯಾ?"

"ಮುಗಿಸಿದ್ರಾ? ಮುಗಿಸಲೇ ಇಲ್ಲವಲ್ಲ ನೀವು! ರೀಲ್ ಮುಗೀತು, ಕಟ್ ಅಂದ್ರು. ನೀವು ಕೈ ಎತ್ತಿ ಮಡಿಲಲ್ಲಿ ಇಟ್ಕೊಂಡ್ರಿ. ಇನ್ನೂ ಸ್ವಲ್ಪ ಹೋಗ್ತಿದ್ದಿರೇನೋ ಅಂತ ನನಗೆ ಇವತ್ತಿಗೂ ಅನಿಸುತ್ತೆ."

ಮನೆಗೆ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ಹಣೆ ಆನಿಸಿಕೊಂಡಿದ್ದಳು. ಇಲ್ಲದ್ದನ್ನು ಹುಡುಕಿದೆನಲ್ಲ. ನಲವತ್ತೈದು ವರ್ಷ ಇಡಿಯಾಗಿ ಇದೆ ಎಂದು ನಂಬಿದ್ದು ಅರ್ಧಕ್ಕೇ ನಿಂತದ್ದಾಗಿತ್ತು, ಆ ಅರ್ಧದ ಮೇಲೂ ಯಾರೋ ಬಾಯ್ಲರ್ ಬಗ್ಗೆ ಭಾಷಣ ಬಿಗಿದಿದ್ದರು. ಪುಟ್ಟಿ ಭುಜಕ್ಕೆ ಭುಜ ತಾಗಿಸಿ ಕೂತಿದ್ದಳು. ಮೂರನೇ ನಿಲ್ದಾಣ ದಾಟಿದ ಮೇಲೆ ನೋಡುತ್ತಾಳೆ, ದೊಡ್ಡಮ್ಮನ ಬೆರಳುಗಳು ತೊಡೆಯ ಮೇಲೆ ಆಡುತ್ತಿವೆ.

"ಪುಟ್ಟಿ, ಮೊದಲನೇ ಬೆರಳು ಎಲ್ಲಿ ಬಿತ್ತು ನೋಡಿದೆಯಾ? ಎರಡು ಕಪ್ಪು ಕೀ ಇದ್ಯಲ್ಲ, ಅವುಗಳ ಎಡಕ್ಕೆ."

"ಅಂದ್ರೆ?"

"ಸದ್ದು ತೆಗೆದಿದಾರೆ. ಕೈ ತೆಗೆದಿಲ್ಲ."

ಪುಟ್ಟಿ ಮರುದಿನ ಅಂಗಡಿಗೆ ರಜೆ ಹಾಕಿದಳು. ಗ್ರಂಥಪಾಲಕಿ ತನ್ನ ಕೋಣೆಯ ಕಂಪ್ಯೂಟರಿನಲ್ಲಿ ಸಿನಿಮಾ ಹಾಕಿ, ಸದ್ದು ಪೂರ್ತಿ ಇಳಿಸಿ, ಬಾಗಿಲು ಎಳೆದುಕೊಂಡು ಹೋದಳು. ದೊಡ್ಡಮ್ಮನ ಮುಂದೆ ಸ್ವರ ಬರೆಯುವ ಗೆರೆ ಹಾಳೆ, ಕೈಯಲ್ಲಿ ಪೆನ್ಸಿಲ್ಲು. ಶಾಲೆಯಲ್ಲಿ ಮಕ್ಕಳ ಬೆರಳನ್ನು ಕೋಣೆಯ ಆಚೆ ತುದಿಯಿಂದ ನೋಡಿ, "ಐದನೇ ಸ್ವರ ತಪ್ಪು," ಎನ್ನುತ್ತಿದ್ದವಳು. ಮೂವತ್ತನಾಲ್ಕು ವರ್ಷ ಮಾಡಿದ್ದೇ ಅದು. ಈಗ ತನ್ನದೇ ಬೆರಳನ್ನು ಓದಿದಳು. ಒಂದು ಹೆಜ್ಜೆ, ನಿಲ್ಲಿಸು. ಇನ್ನೊಂದು ಹೆಜ್ಜೆ, ನಿಲ್ಲಿಸು. ಪುಟ್ಟಿ ಗುಂಡಿ ಒತ್ತುತ್ತಾ ಹೋದಳು.

ಮೊದಲನೇ ತುಣುಕು ಹನ್ನೊಂದು ಸೆಕೆಂಡು, ಅಲ್ಲಿಗೆ ನಾಯಕಿಯ ಮುಖಕ್ಕೆ ಹೋಗುತ್ತಿತ್ತು. ಆ ಮುಖವನ್ನು ದೊಡ್ಡಮ್ಮ ಮನಸಾರೆ ಬೈದಳು. ಎರಡನೆಯದರಲ್ಲಿ ಎಡಗೈ ಅರ್ಧ ಕತ್ತರಿಸಿಹೋಗಿತ್ತು. ಮಂದ್ರದ ಸ್ವರಗಳನ್ನು ಮೊಣಕೈ ಎಷ್ಟು ಚಾಚಿದೆ ಎಂಬುದರಿಂದಲೇ ಊಹಿಸಬೇಕಾಯಿತು. ಮೂರನೆಯದು ಎಷ್ಟು ಸಲ ನೋಡಿದರೂ ಅರ್ಥವಾಗಲಿಲ್ಲ. ಕೀಗಳೇ ಅಪರಿಚಿತ, ಬೆರಳು ಹೋಗಬಾರದ ಕಡೆ ಹೋಗುತ್ತಿತ್ತು. ಮಧ್ಯಾಹ್ನವಾಯಿತು. ದೊಡ್ಡಮ್ಮ ಪೆನ್ಸಿಲ್ ಇಟ್ಟು ಕಣ್ಣುಜ್ಜಿಕೊಂಡಳು.

"ದೊಡ್ಡಮ್ಮ," ಪುಟ್ಟಿ ಪರದೆಗೆ ಮೂಗು ತಾಗುವ ಹಾಗೆ ಬಗ್ಗಿದಳು, "ಇಲ್ಲಿ ಸೊಟ್ಟ ಬೆರಳು ಬಲಗೈಲಿದೆ!"

ಎಡಿಟಿಂಗ್ ಮಾಡಿದವನು ತುಣುಕನ್ನು ತಿರುಗಿಸಿ ಅಂಟಿಸಿದ್ದ. ಎಡ ಬಲವಾಗಿತ್ತು, ಬಲ ಎಡ. ಪುಟ್ಟಿ ಬ್ಯಾಗಿನಿಂದ ಅಂಗಡಿಯ ಕೈಗನ್ನಡಿ ತೆಗೆದು ಪರದೆಗೆ ಎದುರಾಗಿ ಹಿಡಿದಳು. ಕನ್ನಡಿಯೊಳಗೆ ಕೈಗಳು ನೆಟ್ಟಗಾದವು. ಇಬ್ಬರೂ ತಲೆಗೆ ತಲೆ ತಾಗಿಸಿ ಅಂಗೈಯಗಲದ ಆ ಕನ್ನಡಿಯಲ್ಲಿ ಇಣುಕುತ್ತಾ, ಒಂದೊಂದೇ ಸ್ವರ ಹೆಕ್ಕಿದರು. ಪುಟ್ಟಿಗೆ ಕೈ ನೋವು ಬಂತು, ಹೇಳಲಿಲ್ಲ.

ಬಾಗಿಲು ಮುಚ್ಚುವ ಹೊತ್ತಿಗೆ ಒಟ್ಟು ಐವತ್ತಮೂರು ಸೆಕೆಂಡು ಹಾಳೆಗೆ ಇಳಿದಿತ್ತು. ಅಲ್ಲಲ್ಲಿ ತೂತು. ಅದಕ್ಕಿಂತ ಹೆಚ್ಚು ಜಗತ್ತಿನಲ್ಲಿ ಉಳಿದಿರಲಿಲ್ಲ.

ಮನೆಗೆ ಬಂದು, ಸೀರೆ ಕೂಡ ಬದಲಿಸದೆ, ಪಿಯಾನೋ ಮುಚ್ಚಳ ತೆಗೆದಳು. ಬೆರಳ ಗೆಣ್ಣುಗಳು ಊದಿದ್ದವು. ಇಪ್ಪತ್ತಾರರವಳು ಒಂದೇ ಚಾಚಿಗೆ ಮುಟ್ಟಿದ್ದನ್ನು ಎಪ್ಪತ್ತೊಂದರವಳು ಎರಡು ಸಲ ಕೈ ಎತ್ತಿ ಮುಟ್ಟಬೇಕಾಯಿತು. ಆದರೂ ನಾಲ್ಕನೇ ಸ್ವರಕ್ಕೆ ಬರುವಷ್ಟರಲ್ಲಿ ಅವಳಿಗೆ ಗೊತ್ತಾಯಿತು. ಇದೇ. ಅಂಚೆ ಪೆಟ್ಟಿಗೆಯ ತಣ್ಣನೆ ಕಬ್ಬಿಣ ಬೆರಳಿಗೆ ತಾಗಿದ ಹಾಗಾಯಿತು. ಆ ಬೆಳಗಿನ ಬಿಸಿಲು, ಹೋಗಬೇಕೆಂಬ ಆಸೆ ಎದೆಯಲ್ಲಿ ಕಲ್ಲಿನ ಹಾಗೆ ಕೂತದ್ದು, ಎಲ್ಲ ಇದ್ದ ಜಾಗದಲ್ಲೇ ಇತ್ತು. ಹಳೆಯದಾಗಿರಲೇ ಇಲ್ಲ.

ತಂಗಿ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು. "ಇದ್ಯಾವುದೇ ಅಕ್ಕ? ಮಕ್ಕಳ ಪಾಠದ್ದಲ್ಲ."

ದೊಡ್ಡಮ್ಮ ಕೀಗಳ ಮೇಲಿಂದ ಕಣ್ಣೆತ್ತದೆ ಪತ್ರದ ವಿಷಯ ಹೇಳಿದಳು. ಮೊದಲ ಸಲ, ಇದ್ದದ್ದು ಇದ್ದ ಹಾಗೆ. ತಂಗಿಯ ಮುಖ ಮೊದಲು ಬಿಳುಚಿತು, ಆಮೇಲೆ ಕೆಂಪಾಯಿತು.

"ನನಗ್ಯಾಕೆ ಹೇಳಲಿಲ್ಲ?"

"ನಿನಗೆ ಹನ್ನೆರಡು ವರ್ಷ ಕಣೇ. ಹೇಳಿದ್ರೆ ಏನು ಮಾಡ್ತಿದ್ದೆ?"

"ಅಳ್ತಿದ್ದೆ! ಆಮೇಲಾದ್ರೂ ಹೇಳಬಹುದಿತ್ತಲ್ಲ? ನನ್ನ ಮದುವೆ ಆದ ಮೇಲೆ? ಇವಳು ಹುಟ್ಟಿದ ಮೇಲೆ? ಇಷ್ಟು ವರ್ಷ ನಿನ್ನ ಪಿಯಾನೋಗೆ ತಲೆನೋವು ತಲೆನೋವು ಅಂತ ನಾನು..." ಅವಳು ಪಿಯಾನೋ ಹತ್ತಿರ ಬಂದಳು. "ನನ್ನಿಂದ ತಾನೇ ನೀನು ಹೋಗದೇ ಇದ್ದದ್ದು?"

"ನಿನ್ನಿಂದ ಅಲ್ಲ."

"ಮತ್ತೆ ಅಪ್ಪನಿಂದಲಾ?"

"ಯಾರಿಂದಲೂ ಅಲ್ಲ. ಹೋಗಬೇಕು ಅಂತಲೂ ಇತ್ತು, ಇರಬೇಕು ಅಂತಲೂ ಇತ್ತು. ಎರಡೂ ನಂದೇ. ಹಾಕೋಕಾಗಿದ್ದು ಮಾತ್ರ ಒಂದೇ ಕಾಗದ. ಹೋಗಿದ್ದರೆ ನಿಮ್ಮ ಜೊತೆ ಇರಬೇಕು ಅನ್ನೋ ಆಸೆ ಕಾಡ್ತಿತ್ತು. ಇದ್ದೆ, ಹೋಗಬೇಕು ಅನ್ನೋ ಆಸೆ ಹಾಗೇ ಉಳೀತು."

ತಂಗಿ ದಡಬಡ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಪುಟ್ಟಿ ಎದ್ದು ಹೋಗಲು ನೋಡಿದಳು, ದೊಡ್ಡಮ್ಮ ಬೇಡವೆಂದು ತಲೆಯಾಡಿಸಿದಳು. ಹಾಳೆಯನ್ನು ನೋಡಿಕೊಂಡು ಮತ್ತೆ ಮೊದಲಿಂದ ನುಡಿಸಿದಳು. ತೂತಿದ್ದ ಕಡೆ ನಿಂತಳು, ದಾಟಿದಳು. ಐವತ್ತಮೂರನೇ ಸೆಕೆಂಡಿಗೆ ಕೈ ನಿಂತಿತು. ಆ ಕೊನೆಯ ಸ್ವರ ಎಲ್ಲಿಗೋ ಹೊರಟು ಕಾಲೆತ್ತಿದ ಹಾಗಿತ್ತು. ಅದು ತೇಲಿ ತೇಲಿ ತಣ್ಣಗಾಗುವವರೆಗೂ ಅವಳು ಕೇಳಿಸಿಕೊಂಡಳು.

ಒಳಗಿನ ಕೋಣೆಯ ಬಾಗಿಲು ಒಂದಿಷ್ಟು ತೆರೆಯಿತು. ಮೂಗು ಕಟ್ಟಿದ ದನಿ ಕೇಳಿತು.

"ಯಾಕೆ ನಿಲ್ಲಿಸಿದೆ? ಮುಂದೆ ಹೋಗು."

"ಮುಂದೆ ಇಲ್ಲ ಕಣೇ."

"ಇಲ್ಲದಿದ್ರೆ ಮಾಡು. ನಾನೇನು ನಿದ್ದೆ ಮಾಡ್ತಿದೀನಾ? ಕೇಳ್ತಿದೀನಿ."

ದೊಡ್ಡಮ್ಮ ಕೈಗಳನ್ನು ಒಮ್ಮೆ ಮಡಿಲಿಗೆ ತಂದು ಬೆರಳು ಬೆರಳನ್ನೂ ಉಜ್ಜಿಕೊಂಡಳು. ಆಮೇಲೆ ಎಡಗೈಯನ್ನು ಮಂದ್ರಕ್ಕೆ ಇಟ್ಟು ಒಂದು ಸ್ವರ ಒತ್ತಿದಳು. ಅದು ಸರಿಯಾದದ್ದಲ್ಲ. ಅದರ ಪಕ್ಕದ್ದನ್ನು ಒತ್ತಿದಳು. ಅದೂ ಆವತ್ತಿನದಾಗಿರಲಿಲ್ಲ, ಆದರೆ ಕಿವಿ ಅದನ್ನು ಬೇಡ ಎನ್ನಲಿಲ್ಲ. ಅದರ ಮೇಲೆ ಇನ್ನೊಂದನ್ನು ಇಟ್ಟಳು. ಪುಟ್ಟಿ ಪೆನ್ಸಿಲ್ ಎತ್ತಿಕೊಂಡು, ಬರೆಯಲು ಬಾರದಿದ್ದರೂ, ಹಾಳೆಯ ಮೇಲೆ ಬಗ್ಗಿದಳು.